ತೋಂಟದಾರ್ಯನ ದೋಣಿಗೊಂದು ಸೀಟು

ನಮ್ಮೂರಿನಲ್ಲಿ ಹತ್ತು ಜನ ನೆರಳಲ್ಲಿ ಕೂರಬೇಕಾದರೆ ತೋಂಟದಾರ್ಯನಿಗೆ ಹೇಳಿಕಳಿಸಬೇಕು. ಮದುವೆಯಿರಲಿ, ತಿಥಿಯಿರಲಿ, ಓಟಿನ ಭಾಷಣವಿರಲಿ, ಅವನ ಶಾಮಿಯಾನ ಬಂದು ಕಂಬ ನೆಟ್ಟ ಮೇಲೆಯೇ ಅದಕ್ಕೊಂದು ಕಳೆ. ದಂಡಿನಶಿವರದಿಂದ ತುರುವೇಕೆರೆವರೆಗೆ ಅವನ ಕೆಂಪು ಪಟ್ಟೆಯ ಬಟ್ಟೆ ಕಾಣದ ಬೀದಿಯಿಲ್ಲ. ಬಟ್ಟೆ, ಕಂಬ, ಹಗ್ಗ ಹಿಡಿದುಕೊಂಡು ಗಾಳಿಯ ಜೊತೆ ಅರ್ಧ ಆಯುಷ್ಯ ಜಗಳ ಆಡಿದವನು. ಹಾಗಾಗಿ ಗಾಳಿಯ ವಿಚಾರದಲ್ಲಿ ತನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದು ನಂಬಿದ್ದ. ಬೇರೆ ವಿಚಾರಗಳಲ್ಲೂ ಹಾಗೆಯೇ ನಂಬಿದ್ದ. ‘ಗೊತ್ತಿಲ್ಲ’ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಅವನ ಹೆಂಡತಿ ಕೊಲ್ಲಾಪುರಮ್ಮ ಕೂಡ ಕೇಳಿರಲಿಲ್ಲ. ದಾರಿಹೋಕರು ಯಾವುದೋ ಊರಿಗೆ ದಾರಿ ಕೇಳಿದರೆ, ಆ ಊರಿನ ಹೆಸರನ್ನೇ ತಾನು ಕೇಳಿರದಿದ್ದರೂ, ಒಂದು ಗಳಿಗೆ ಯೋಚಿಸಿ ಎಡಕ್ಕೆ ಕೈ ತೋರಿಸುತ್ತಿದ್ದ.

ಇಂಥವನು ತೊಂಬತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಹೆಂಡತಿಯನ್ನು ಕರೆದುಕೊಂಡು ಧರ್ಮಸ್ಥಳ, ಉಡುಪಿ ಮುಗಿಸಿ ಸಮುದ್ರ ನೋಡಲು ಹೋದ. ಅಲ್ಲಿ ದಂಡೆಯ ಮೇಲಿನ ಹೋಟೆಲಿನವರು ಬಂದವರ ಮೋಜಿಗೆಂದು ಸಣ್ಣ ಸಣ್ಣ ಹಾಯಿದೋಣಿಗಳನ್ನು ಇಟ್ಟಿದ್ದರು. ಅವಕ್ಕೆ ಬಂದರು ಬೇಡ, ಕಟ್ಟೆ ಬೇಡ. ಮರಳಿನ ಮೇಲಿಂದ ತಳ್ಳಿಕೊಂಡು ಹೋಗಿ, ಮೊಣಕಾಲುದ್ದ ನೀರು ಬಂದ ಕಡೆ ಹತ್ತಿ ಕೂತರೆ ಆಯಿತು. ಓಡಿಸುವ ಹುಡುಗನೊಬ್ಬ, ಅಂದು ಗಾಳಿ ಜೋರಾಗಿದ್ದರಿಂದ, ದೋಣಿ ಮಗುಚದಂತೆ ಒಂದು ಬದಿಗೆ ಕೂರಿಸಲು ಭಾರ ಹುಡುಕುತ್ತಿದ್ದ. ತೋಂಟದಾರ್ಯ ಕಣ್ಣಿಗೆ ಬಿದ್ದ. ನೀವು ಒಳ್ಳೇ ತೂಕದವರು, ಬನ್ನಿ ಎಂದು ಕರೆದ. ಇದು ತನ್ನ ಯೋಗ್ಯತೆಯ ಬಗ್ಗೆ ಹೇಳಿದ ಮಾತೆಂದು ತಿಳಿದು ತೋಂಟದಾರ್ಯ ಪಂಚೆ ಎತ್ತಿ ಕಟ್ಟಿದ.

ದೋಣಿ ತಳ್ಳುತ್ತಲೇ ಆ ಹುಡುಗ ಒಂದೊಂದನ್ನೇ ವಿವರಿಸಿದ. ನಿಂತ ಕಂಬ ಮಾಸ್ಟು. ಅದರ ಬುಡದಿಂದ ಅಡ್ಡಕ್ಕೆ ಚಾಚಿಕೊಂಡ ಗಳು ಬೂಮು. ಎರಡಕ್ಕೂ ಕಟ್ಟಿದ ಬಟ್ಟೆ ಹಾಯಿ. ಹಿಂದುಗಡೆ ಚುಕ್ಕಾಣಿ. ಬೂಮು ಅತ್ತಿಂದಿತ್ತ ಬೀಸುವಾಗ ತಲೆ ತಗ್ಗಿಸದಿದ್ದರೆ ತಲೆ ಇರುವುದಿಲ್ಲ. ಇಷ್ಟು ಹೇಳಿ ಕೊನೆಗೆ, “ಎಲ್ಲಕ್ಕಿಂತ ಮುಖ್ಯ ಶೀಟ್ ಮಾರಾಯ್ರೆ. ಶೀಟ್ ಗಟ್ಟಿ ಹಿಡಿದ್ರೆ ಬೋಟ್ ಓಡ್ತದೆ. ಗಡಿಬಿಡಿ ಆಯ್ತಾ, ಶೀಟ್ ಬಿಟ್ಟುಬಿಡಿ, ತನ್ನಷ್ಟಕ್ಕೆ ನಿಲ್ತದೆ,” ಎಂದ.

ದೋಣಿಯವರ ಭಾಷೆಯಲ್ಲಿ ಶೀಟು ಎಂದರೆ ಹಗ್ಗ. ಬೂಮಿನ ತುದಿಗೆ ಕಟ್ಟಿದ ಹಗ್ಗ. ಅದನ್ನು ಎಳೆದರೆ ಹಾಯಿ ಗಾಳಿ ಹಿಡಿಯುತ್ತದೆ, ಬಿಟ್ಟರೆ ಗಾಳಿ ಸೋರಿಹೋಗುತ್ತದೆ. ಹಗ್ಗಕ್ಕೆ ಹಗ್ಗ ಎನ್ನದೆ ಶೀಟು ಎಂದವರು ಯಾರೋ, ಅವರ ಉದ್ದೇಶ ಏನೋ, ಶಿವನೇ ಬಲ್ಲ. ನಮ್ಮ ಕಡೆ ಮೊದಲೇ ಶಕಾರಕ್ಕೂ ಸಕಾರಕ್ಕೂ ನಡುವೆ ಬೇಲಿಯಿಲ್ಲ. ಶಾಂತಮ್ಮ ಸಾಂತಮ್ಮ, ಶಂಕರಪ್ಪ ಸಂಕ್ರಪ್ಪ. ತೋಂಟದಾರ್ಯನಿಗೆ ಕೇಳಿಸಿದ್ದು ‘ಸೀಟು’. ಅವನು ಕೂತ ಹಲಗೆಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದ. ಹುಡುಗ ಹಗ್ಗ ಎಳೆದ, ಚುಕ್ಕಾಣಿ ತಿರುಗಿಸಿದ, ಅಲೆಯ ಮೇಲೆ ಹತ್ತಿಸಿ ಇಳಿಸಿದ. ತೋಂಟದಾರ್ಯನ ಕಣ್ಣು ಮುಚ್ಚಿದ್ದರಿಂದ ಇದೊಂದೂ ಅವನಿಗೆ ಕಾಣಲಿಲ್ಲ. ದೋಣಿ ಮರಳಿಗೆ ಬಂದು ತಗುಲಿದಾಗ ಅವನಿಗೆ ಖಾತ್ರಿಯಾಗಿತ್ತು: ತಾನು ಸೀಟು ಬಿಡದೆ ಹಿಡಿದುಕೊಂಡಿದ್ದರಿಂದಲೇ ಇಬ್ಬರ ಜೀವ ಉಳಿದಿದೆ.

ಹೋಟೆಲಿನ ಹಿಂದೆ ಅಂಥದ್ದೇ ಹಳೆಯ ದೋಣಿಯೊಂದು ಬೋರಲು ಬಿದ್ದಿತ್ತು. ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿದ್ದವು. ಹೋಟೆಲಿನ ಮಾಲೀಕ ದಂಡೆಯ ಮೇಲೆ ನೆರಳಿಲ್ಲವೆಂದು ಕೊರಗುತ್ತಿದ್ದ. ತೋಂಟದಾರ್ಯ ಒಂದು ಝಾಲರಿ ಶಾಮಿಯಾನ ಕಳಿಸುವುದಾಗಿ ಹೇಳಿದ, ಮಾಲೀಕ ದೋಣಿ ಒಯ್ಯಿ ಎಂದ. ತಿಪಟೂರಿನ ಉಮರ್ ಫಾರೂಖನ ಲಾರಿ ಮಂಗಳೂರು ಹೆಂಚು ತುಂಬಿಕೊಂಡು ಬರುವಾಗ ಹೆಂಚಿನ ಮೇಲೆ ದೋಣಿ ಮಲಗಿಸಿಕೊಂಡು ನಮ್ಮೂರಿಗೆ ತಂದು ಇಳಿಸಿತು.

ಊರೆಲ್ಲ ಸೇರಿತು. ಎದುರು ಮನೆಯ ಮುದುಕಿ ಹುಚ್ಚಕ್ಕ ಸುತ್ತ ಒಂದು ಪ್ರದಕ್ಷಿಣೆ ಬಂದು, ಎಮ್ಮೆಗೆ ಕಲಗಚ್ಚು ಹಾಕೋಕೆ ಬಾನಿ ಚೆನ್ನಾಗದೆ ಎಂದಳು. ಇದು ಬಾನಿಯಲ್ಲ, ಹಾಯಿದೋಣಿ ಎಂದ ತೋಂಟದಾರ್ಯ. “ಹಾಯೋದಾದ್ರೆ ಬೀದೀಲ್ ಯಾಕ್ ಬುಟ್ಟಿದ್ದೀಯ, ಕಟ್ಟಾಕಪ್ಪ, ಮಕ್ಳು ಮರಿ ಓಡಾಡ್ತವೆ,” ಎಂದು ಅವಳು ದೂರ ಸರಿದು ನಿಂತಳು. ಆ ಹೊತ್ತಿಗೆ ಕೆರೆಯಲ್ಲಿ ಕಾಗೆ ಮುಳುಗುವಷ್ಟೂ ನೀರಿರಲಿಲ್ಲ. ಕೊಲ್ಲಾಪುರಮ್ಮ ಬೇಸಿಗೆ ಪೂರ್ತಿ ದೋಣಿಯಲ್ಲಿ ಹುಣಸೆಹಣ್ಣು ಒಣಗಿಸಿದಳು. ಅದರ ಜೊತೆ ಬಂದಿದ್ದ ಉದ್ದನೆಯ ನುಣುಪು ಹಲಗೆಯೊಂದು ನೀರಿನ ತೊಟ್ಟಿಗೆ ಮುಚ್ಚಳವಾಯಿತು. ತೋಂಟದಾರ್ಯ ಮಾತ್ರ ಸಂಜೆಯಾದರೆ ಜಗಲಿಯ ಮೇಲೆ ಕೂತು ತಾನು ಸಮುದ್ರ ದಾಟಿದ್ದನ್ನು ಹೇಳುತ್ತಿದ್ದ. ಕಂಬ, ಗಳು, ಬಟ್ಟೆ ಎಲ್ಲ ಬರೀ ತೋರಿಕೆಗೆ, ಸೀಟಿನಲ್ಲಿದೆ ವಿದ್ಯೆ ಎನ್ನುತ್ತಿದ್ದ.

ಆ ವರ್ಷ ಹಿಂಗಾರು ಬಿಡದೆ ಸುರಿಯಿತು. ಹತ್ತಾರು ವರ್ಷದಿಂದ ತುಂಬದ ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಸಂತೋಷವಾಯಿತು, ಒಬ್ಬರನ್ನು ಬಿಟ್ಟು. ಅವರು ಪಂಚಾಯ್ತಿ ಅಧ್ಯಕ್ಷ ವೀರಭದ್ರಯ್ಯನವರು. ಕೆರೆ ಒಣಗಿದ್ದ ಕಾಲದಲ್ಲಿ ಅವರು ಅದರ ಪಡುವಣ ಅಂಗಳದಲ್ಲಿ ತೆಂಗಿನ ಸಸಿ ನೆಟ್ಟುಕೊಂಡು, ಬೇಲಿ ಹಾಕಿ, ಪಂಪ್‌ಸೆಟ್ ಮನೆಯನ್ನೂ ಕಟ್ಟಿದ್ದರು. ಈಗ ಗಿಡಗಳು ಸೊಂಟದುದ್ದ ನೀರಲ್ಲಿ ನಿಂತಿದ್ದವು. ಏರಿ ಬಿರುಕು ಬಿಟ್ಟಿದೆ, ಒಡೆದರೆ ಊರು ಕೊಚ್ಚಿಹೋಗುತ್ತದೆ, ಆದ್ದರಿಂದ ಕೋಡಿ ಒಡೆದು ತಗ್ಗಿಸಬೇಕು ಎಂದು ಅವರು ಸರ್ಕಾರಕ್ಕೆ ಬರೆದರು. ಕೋಡಿ ತಗ್ಗಿಸಿದರೆ ನೀರು ಇಳಿದು ಅವರ ಗಿಡ ಉಳಿಯುತ್ತವೆ. ಊರಿನ ಬೋರುಗಳೆಲ್ಲ ಶಿವರಾತ್ರಿಗೆ ಬತ್ತುತ್ತವೆ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಪಡಿತರ ಚೀಟಿಯಿಂದ ಹಿಡಿದು ಬೀದಿ ದೀಪದವರೆಗೆ ಎಲ್ಲರಿಗೂ ಅವರ ಹತ್ತಿರ ಒಂದಲ್ಲ ಒಂದು ಕೆಲಸ ಇತ್ತು. ಸರ್ಕಾರಿ ಸಮಾರಂಭದ ಶಾಮಿಯಾನವೆಲ್ಲ ಅವರ ಮಾತಿನ ಮೇಲೆ ಸಿಗುತ್ತಿದ್ದುದರಿಂದ ತೋಂಟದಾರ್ಯನಿಗಂತೂ ಇದ್ದೇ ಇತ್ತು.

ತಿಪಟೂರಿನಿಂದ ಎ.ಸಿ. ಮೇಡಂ ತಾವೇ ಬಂದು ನೋಡುತ್ತಾರೆಂದು ಸುದ್ದಿ ಬಂತು. ಅವರು ಕೆರೆಯ ಸುತ್ತ ನಡೆದು ನೋಡುವ ಪೈಕಿ ಎಂದೂ ತಿಳಿಯಿತು. ಅಧ್ಯಕ್ಷರಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ತೋಂಟದಾರ್ಯನ ಮನೆ ಮುಂದೆ ಹಾದು ಹೋಗುವಾಗ ದೋಣಿ ಕಂಡಿತು, ಉಪಾಯ ಹೊಳೆಯಿತು. ಮೇಡಂ ಬಂದ ಕೂಡಲೇ ದೋಣಿಯಲ್ಲಿ ಕೂರಿಸುವುದು. ಏರಿಯ ಪಕ್ಕದಲ್ಲೇ ನೀರಿನ ಮೇಲೆ ಬಾಗಿನ ಬಿಡಿಸುವುದು. ಫೋಟೋ, ಹೋಳಿಗೆ ಊಟ, ತಾಂಬೂಲ. ನಡೆಯುವ ಮಾತು ಬರುವಷ್ಟರಲ್ಲಿ ಜೀಪು ತಿಪಟೂರಿನ ದಾರಿ ಹಿಡಿದಿರಬೇಕು.

“ದೋಣಿ ಏರಿ ಮಗ್ಗುಲು ಬುಟ್ಟು ಆ ಕಡೆ ಈ ಕಡೆ ಹೋಗಲ್ಲ ತಾನೆ?” ಎಂದು ಕೇಳಿದರು.

“ಸೀಟು ನಮ್ ಕೈಲಿದ್ರೆ ದೋಣಿ ನಮ್ ಕೈಲಿ ಕಣ್ರೀ,” ಎಂದ ತೋಂಟದಾರ್ಯ.

ಹುಣಸೆಹಣ್ಣು ತೆಗೆದು ದೋಣಿ ತೊಳೆದಾಗ ಅವನಿಗೆ ಮೊದಲ ಆಘಾತ ಕಾದಿತ್ತು. ಇದರಲ್ಲಿ ಕೂರುವ ಹಲಗೆ ಮುರಿದುಹೋಗಿತ್ತು. ಎಂದರೆ, ಅವನ ಶಾಸ್ತ್ರದ ಪ್ರಕಾರ, ದೋಣಿಯ ಪ್ರಾಣವೇ ಇರಲಿಲ್ಲ. ಅವನು ಗೋದಾಮಿಗೆ ಹೋಗಿ ಮದುವೆ ಗಂಡು ಹೆಣ್ಣಿಗೆ ಕೊಡುವ ಮಹಾರಾಜ ಕುರ್ಚಿ ತಂದ. ಕೆಂಪು ಮಖಮಲ್ಲು, ಚಿನ್ನದ ಬಣ್ಣದ ಸಿಂಹದ ತಲೆ, ಬೆನ್ನಿಗೆ ನವಿಲುಗರಿಯ ಕೆತ್ತನೆ. ಅದರ ಕಾಲು ಗರಗಸದಿಂದ ಮೋಟು ಮಾಡಿ ದೋಣಿಯ ನಡುವೆ ಕೂರಿಸಿದ. ಅಲ್ಲಾಡದಂತೆ ಬಿಗಿಯಲು ಒಂದು ಹಗ್ಗ ಬೇಕಾಗಿತ್ತು. ಬೂಮಿನ ತುದಿಯಿಂದ ಒಂದು ಹಗ್ಗ ಸುಮ್ಮನೆ ನೇತಾಡುತ್ತಿತ್ತು. ಅದನ್ನೇ ತಂದು ಕುರ್ಚಿಯ ಕಾಲಿಗೆ ಶಾಮಿಯಾನದ ಗಂಟು ಹಾಕಿದ. ಹೀಗೆ ಶೀಟಿಗೂ ಸೀಟಿಗೂ ಸಂಬಂಧವಾಯಿತು. ಮಾಡಿಸಿದವನಿಗೆ ಮಾತ್ರ ತಿಳಿಯಲಿಲ್ಲ.

ದೋಣಿಯ ತಳದಲ್ಲಿ ಉದ್ದಕ್ಕೊಂದು ಸೀಳು ಇತ್ತು. ತೊಟ್ಟಿಯ ಮುಚ್ಚಳವಾಗಿದ್ದ ಹಲಗೆಯನ್ನು ಆ ಸೀಳಿನಲ್ಲಿ ನೀರಿಗೆ ಇಳಿಬಿಡಬೇಕು. ಆಗಲೇ ದೋಣಿ ಪಕ್ಕಕ್ಕೆ ಜಾರದೆ, ಎದುರುಗಾಳಿಯಲ್ಲೂ ಓರೆಯಾಗಿ ಹಿಂದಿರುಗಲು ಸಾಧ್ಯ. ತೋಂಟದಾರ್ಯ ಸೀಳಿನಲ್ಲಿ ಇಣುಕಿ ನೋಡಿ, ಮಾಡಿದವರ ಬೇಜವಾಬ್ದಾರಿಗೆ ಬೈದು, ತೆಂಗಿನ ನಾರು ತುರುಕಿ ಮೇಲೆ ಟಾರು ಬಳಿದ.

ಹಾಯಿಯನ್ನು ಇಲಿ ತಿಂದಿತ್ತು. ಅವನ ಶಾಮಿಯಾನ ಹೊಲಿಯುವ ತುರುವೇಕೆರೆಯ ಟೈಲರ್ ಕರೀಂ ಸಾಬ್‌ಗೆ ಅಳತೆ ಕೊಟ್ಟ. ಕರೀಂ ಸಾಬ್ ಕನ್ನಡಕ ಹಣೆಗೇರಿಸಿ, “ಮೂರು ಮೂಲೇದು ಅಂದ್ರೆ ನಾನು ಇದುವರ್ಗೂ ಲಂಗೋಟಿ ಒಂದೇ ಹೊಲ್ದಿರೋದು ಸ್ವಾಮಿ. ಇಷ್ಟ್ ದೊಡ್ಡದು ಯಾರಿಗೆ?” ಎಂದರು. ವಿಷಯ ತಿಳಿದ ಮೇಲೆ ಉತ್ಸಾಹ ಬಂದು, ಕೆಂಪು ಪಟ್ಟೆಯ ಬಟ್ಟೆಯಲ್ಲಿ ಜೋಡಿ ಹೊಲಿಗೆ ಹಾಕಿ, ಅಂಚಿಗೆ ಹಳದಿ ಝಾಲರಿ ಇಟ್ಟು, ನಡುವೆ ‘ಸುಸ್ವಾಗತ’ ಎಂದು ಅಕ್ಷರ ಕತ್ತರಿಸಿ ಕೂರಿಸಿದರು. ಹಾಯಿ ಏರಿಸಿದಾಗ ನಮ್ಮೂರಿನವರಿಗೆ, ಹೇಳಬಾರದು, ಹೆಮ್ಮೆಯಾಯಿತು.

ಆ ದಿನ ಏರಿಯ ಮೇಲೆ ಜನವೋ ಜನ. ದನ ನೀರಿಗಿಳಿಯುವ ಇಳಿಜಾರಿನಲ್ಲಿ ದೋಣಿ ಸಿಂಗಾರಗೊಂಡು ನಿಂತಿತ್ತು. ಕೊಲ್ಲಾಪುರಮ್ಮ ಬಂದು ಗಂಡನ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿದಳು, ಬಾವಿಯಲ್ಲಿ ಈಜು ಕಲಿಯುವ ಮಕ್ಕಳಿಗೆ ಕಟ್ಟುವ ಹಾಗೆ. ಎಲ್ಲರ ಎದುರಿಗೆ ಇದೇನು ಎಂದು ಅವನು ಗೊಣಗಿದ. ಅವಳು ಗಂಟನ್ನು ಇನ್ನೊಂದು ಸುತ್ತು ಬಿಗಿದಳು.

ಎ.ಸಿ. ಮೇಡಂ ಸಣ್ಣ ವಯಸ್ಸಿನವರು, ಮಾತು ಕಡಿಮೆ. ಜೀಪಿನಿಂದ ಇಳಿದು ಏರಿಯನ್ನು ಕಾಲಲ್ಲಿ ಒತ್ತಿ ನೋಡಿದರು. ಬಿರುಕು ಎಲ್ಲಿ ಎಂದು ಕೇಳಿದರು. ಅಧ್ಯಕ್ಷರು ಬಿರುಕಿನ ಬದಲು ಬಾಗಿನ ತೋರಿಸಿದರು. ಸಂಪ್ರದಾಯ, ಊರ ಹೆಣ್ಣುಮಕ್ಕಳ ಆಸೆ, ಗಂಗಮ್ಮ ಎಂದೆಲ್ಲ ಹೇಳಿದರು. ಮೇಡಂ ದೋಣಿಯನ್ನು ನೋಡಿದರು, ಅದರ ಸಿಂಹಾಸನವನ್ನು ನೋಡಿದರು, ಸುಸ್ವಾಗತವನ್ನು ಓದಿದರು. ಆಮೇಲೆ ತೋಂಟದಾರ್ಯನ ಸೊಂಟದ ತೆಂಗಿನಕಾಯಿ ನೋಡಿ, ನಿಮಗೆ ಈಜು ಬರುತ್ತಾ ಎಂದು ಕೇಳಿದರು.

“ಇದುವರೆಗೆ ಅದರ ಅಗತ್ಯ ಬಿದ್ದಿಲ್ಲ ಮೇಡಂ,” ಎಂದ ತೋಂಟದಾರ್ಯ.

ಅವನ ದನಿಯಲ್ಲಿದ್ದ ಧೈರ್ಯ ಕೇಳಿಯೋ ಏನೋ, ಮೇಡಂ ಹತ್ತಿ ಕೂತರು. ಸೀಟು ಗಟ್ಟಿಯಾಗಿ ಹಿಡಿದುಕೊಳ್ಳಿ, ಮಿಕ್ಕಿದ್ದು ನನಗೆ ಬಿಡಿ ಎಂದು ಅವನು ಹಿಂದೆ ಚುಕ್ಕಾಣಿಯ ಪಕ್ಕ ಕುಕ್ಕರುಗಾಲಲ್ಲಿ ಕೂತ.

ಏರಿಯ ಮರೆಯಲ್ಲಿ ಗಾಳಿಯೇ ಇರಲಿಲ್ಲ. ದೋಣಿ ಕೊಳದ ಕಮಲದ ಹಾಗೆ ನಿಂತಿತು. ಮೇಡಂ ಮೊರದ ಬಾಗಿನ ಬಿಟ್ಟರು. ಹೆಂಗಸರು ಅಕ್ಷತೆ ಎರಚಿದರು. ಎಲ್ಲ ಅಧ್ಯಕ್ಷರು ಎಣಿಸಿದ ಹಾಗೆಯೇ ನಡೆಯುತ್ತಿತ್ತು. ಅಷ್ಟರಲ್ಲಿ ಫೋಟೋದವನು, ಏರಿಯ ನೆರಳು ಬೀಳ್ತಿದೆ, ಒಂಚೂರು ಮುಂದಕ್ಕೆ ಹೋದರೆ ಮುಖ ಚೆನ್ನಾಗಿ ಬರುತ್ತೆ ಎಂದ. ಅಧ್ಯಕ್ಷರು ಯಾರಿಗೂ ಹೇಳಲಿಲ್ಲ. ತಾವೇ ಪಂಚೆ ಎತ್ತಿ ನೀರಿಗಿಳಿದು, ದೋಣಿಯ ಹಿಂಭಾಗಕ್ಕೆ ಎರಡೂ ಕೈ ಕೊಟ್ಟು, ಬಲವಾಗಿ ತಳ್ಳಿದರು. ಅಂದಿನ ಫೋಟೋಗಳಲ್ಲಿ ಸ್ಪಷ್ಟವಾಗಿ ಬಂದಿರುವುದು ಇದೊಂದೇ.

ಏರಿಯ ಮರೆ ದಾಟುತ್ತಿದ್ದಂತೆ ಮೂಡಲ ಗಾಳಿ ಸಿಕ್ಕಿತು. ಸುಸ್ವಾಗತ ಉಬ್ಬಿ ಬಸುರಿಯ ಹೊಟ್ಟೆಯಾಯಿತು. ಬೂಮು ಪಕ್ಕಕ್ಕೆ ಚಾಚಿತು, ಹಗ್ಗ ಬಿಗಿಯಿತು, ದೋಣಿ ಪಡುವಣಕ್ಕೆ ಮೂತಿ ಮಾಡಿ ಕಟ್ಟು ಬಿಚ್ಚಿದ ಕರುವಿನ ಹಾಗೆ ಓಡಿತು. ಜನ ಚಪ್ಪಾಳೆ ತಟ್ಟಿದರು. ಮೇಡಂ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತಂತೆ. ಅಧ್ಯಕ್ಷರು ನೀರಲ್ಲಿ ನಿಂತು, ಸಾಕು ವಾಪಸ್ ಬಾ ಎಂದು ಕೈ ಬೀಸಿದರು. ತೋಂಟದಾರ್ಯ ತಾನೂ ಕೈ ಬೀಸಿದ.

ವಾಪಸ್ ಬರುವುದು ಹೇಗೆಂಬ ಪ್ರಶ್ನೆ ಅವನಿಗೆ ಬಂದದ್ದೇ ಆಗ. ಚುಕ್ಕಾಣಿಯನ್ನು ಎಡಕ್ಕೆ ತಿರುಗಿಸಿದ. ದೋಣಿ ಎಡಕ್ಕೆ ಮುಖ ಮಾಡಿಕೊಂಡು ಪಡುವಣಕ್ಕೇ ಜಾರಿತು. ಬಲಕ್ಕೆ ತಿರುಗಿಸಿದ. ಬಲಕ್ಕೆ ಮುಖ ಮಾಡಿಕೊಂಡು ಪಡುವಣಕ್ಕೇ ಜಾರಿತು. ಎದುರಿಗೆ ನೀರಿನ ಮೇಲೆ ಹಸಿರು ಗರಿಗಳು ದೊಡ್ಡದಾಗುತ್ತಾ ಬಂದವು. ಇಷ್ಟರಲ್ಲಿ ನಾರು ತುರುಕಿದ ಸೀಳಿನಿಂದ ನೀರು ಚಿಲುಮೆಯಾಗಿ ಎದ್ದು ಸಿಂಹಾಸನದ ಕಾಲು ನೆನೆಯಿತು. ತೋಂಟದಾರ್ಯನಿಗೆ ಸಮುದ್ರದ ಹುಡುಗನ ಮಾತು ನೆನಪಾಯಿತು. ಗಡಿಬಿಡಿಯಾದರೆ ಸೀಟು ಬಿಟ್ಟುಬಿಡಬೇಕು. ಆದರೆ ಸೀಟಿನಲ್ಲಿ ಸರ್ಕಾರ ಕೂತಿತ್ತು.

“ಮೇಡಂ, ಸೀಟು ಬಿಡಿ,” ಎಂದು ಅವನು ಜೀವವೆಲ್ಲ ಸೇರಿಸಿ ಕೂಗಿದ.

ನೀರಿನ ಮೇಲೆ ದನಿ ದೂರ ಹೋಗುತ್ತದೆ. ಆದರೆ ಈ ಮಾತು ಎದುರುಗಾಳಿಯಲ್ಲಿ ಬಂದದ್ದರಿಂದ ಏರಿಯ ಮೇಲಿನವರಿಗೆ ಅರ್ಧಂಬರ್ಧ ಮುಟ್ಟಿತು. ಸೀಟು ಬಿಡಿ ಎಂಬುದು ಮಾತ್ರ ಚೆನ್ನಾಗಿ ಕೇಳಿಸಿತು. ಪೊಲೀಸಿನವನೊಬ್ಬ ಟೋಪಿ ಸರಿಮಾಡಿಕೊಂಡ. ಪಂಚಾಯ್ತಿ ಸದಸ್ಯರೊಬ್ಬರು, ನಡುನೀರಲ್ಲಿ ಅಧಿಕಾರಿಯ ರಾಜೀನಾಮೆ ಕೇಳೋದು ಕಾನೂನಿನಲ್ಲಿ ಇಲ್ಲ ಎಂದು ಮೆಲ್ಲಗೆ ಹೇಳಿದರು. ಇಲ್ಲ, ಅವನು ಕೇಳುತ್ತಿರುವುದು ಅಧ್ಯಕ್ಷರ ಸೀಟು ಎಂದರು ಇನ್ನೊಬ್ಬರು. ಇದು ಕ್ಷಣದಲ್ಲಿ ಏರಿಯ ಈ ತುದಿಯಿಂದ ಆ ತುದಿಗೆ ಹೋಯಿತು. ಹುಚ್ಚಕ್ಕ ಮಾತ್ರ ಸೆರಗು ಬಿಗಿದು ನಿಂತು, “ಯಾರ್ದಾದ್ರೂ ಆಗ್ಲಿ, ಈ ಊರಾಗೆ ಒಬ್ಬ ಬಾಯ್ಬುಟ್ ಕೇಳ್ದ ನೋಡು,” ಎಂದಳು.

ದೋಣಿಯಲ್ಲಿ ಮೇಡಂ ಅವನು ಹೇಳಿದ ಮಾತು ಕೇಳಿದರು. ಸಿಂಹಾಸನದಿಂದ ಎದ್ದು ತಳದಲ್ಲಿ ಕೂತರು. ಅದೇ ಹೊತ್ತಿಗೆ ಗಾಳಿ ಪಕ್ಕಕ್ಕೆ ಹೊರಳಿ ಬೂಮು ಬಿರುಸಿನಿಂದ ಬೀಸಿತು. ಅವರ ತಲೆ ಇದ್ದ ಜಾಗದಲ್ಲಿ ಈಗ ಸಿಂಹದ ತಲೆ ಇತ್ತು. ಮಹಾರಾಜ ಕುರ್ಚಿ ಒಂದೇ ಏಟಿಗೆ ಹಾರಿ ನೀರಿಗೆ ಬಿದ್ದು, ಮಖಮಲ್ಲು ನೀರು ಕುಡಿದು, ಕೆಸರಿನಲ್ಲಿ ಕಾಲೂರಿ ಕೂತಿತು. ಕಾಲಿಗೆ ಕಟ್ಟಿದ್ದ ಹಗ್ಗ ಲಂಗರು ಹಾಕಿದ ಹಾಗೆ ಎಳೆದು ಹಿಡಿಯಿತು. ದೋಣಿ ಅರ್ಧ ಸುತ್ತು ತಿರುಗಿ, ಎರಡು ತೆಂಗಿನ ಗಿಡಗಳ ನಡುವೆ ಮೂತಿ ತೂರಿಸಿ, ನಿಂತಿತು.

ಸೀಟು ಬಿಟ್ಟರು, ದೋಣಿ ನಿಂತಿತು. ತೋಂಟದಾರ್ಯನ ಶಾಸ್ತ್ರದಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಇಂದಿಗೂ ಶೀಟು ಎಂದರೆ ಹಗ್ಗ ಎಂದು ಯಾರಾದರೂ ಹೇಳಹೋದರೆ ಅವನು ಕನಿಕರದಿಂದ ನೋಡುತ್ತಾನೆ.

ಮೇಡಂ ಸೀರೆ ಎತ್ತಿ ಹಿಡಿದು ನೀರಿಗಿಳಿದರು. ಸುತ್ತ ನೋಡಿದರು. ಸಾಲು ಸಾಲು ಗಿಡ, ಬೇಲಿ, ನೀರಿನ ನಡುವೆ ತಲೆ ಎತ್ತಿದ ಪಂಪ್‌ಸೆಟ್ ಮನೆ. ಕೆರೆಯೊಳಗೆ ತೆಂಗು ಹೇಗೆ ಬಂತು ಎಂದು ಕೇಳಿದರು.

“ನೆಟ್ಟಿದ್ದಕ್ಕೆ ಬಂತು ಮೇಡಂ,” ಎಂದ ತೋಂಟದಾರ್ಯ.

ನೆಟ್ಟವರು ಯಾರು ಎಂದು ಕೇಳಿದರು. ಬೇರೆ ಯಾರೇ ಆಗಿದ್ದರೂ ಗೊತ್ತಿಲ್ಲ ಎನ್ನುತ್ತಿದ್ದರು. ನಮ್ಮೂರಿನಲ್ಲಿ ಅಷ್ಟು ದಿನ ಎಲ್ಲರೂ ಅಂದದ್ದು ಅದನ್ನೇ. ತೋಂಟದಾರ್ಯನಿಗೆ ಆ ಮಾತು ಬಾರದು. ಜೀವ ಉಳಿದ ಖುಷಿಯಲ್ಲಿ ಅವನು ಮುಂದೆ ಮುಂದೆ ನಡೆಯುತ್ತಾ, ಹಂಪೆ ತೋರಿಸುವವರ ಹಾಗೆ ಒಂದೊಂದನ್ನೇ ತೋರಿಸಿದ. ಇದು ಅಧ್ಯಕ್ಷರ ಗಿಡ, ಆ ಬೇಲಿಯಾಚೆ ಅವರ ಭಾಮೈದನದು, ಇದು ಹಳೇ ಗಡಿಕಲ್ಲು, ಬೋರಲು ಹಾಕಿದ್ದಾರೆ. ಕೋಡಿ ತಗ್ಗಿಸಿದರೆ ಗಿಡಗಳ ಬುಡ ಒಣಗುತ್ತೆ, ಅದಕ್ಕೇ ಏರಿ ಬಿರುಕು ಬಿಟ್ಟಿರೋದು ಎಂದು ವಿವರಿಸಿದ. ಮೇಡಂ ಕೆರೆಯನ್ನು ಪೂರ್ತಿ ಬಳಸಿಕೊಂಡು ನಡೆದೇ ಏರಿಗೆ ಬಂದರು. ಹೋಳಿಗೆ ಊಟಕ್ಕೆ ನಿಲ್ಲಲಿಲ್ಲ. ಜೀಪು ಹತ್ತುವಾಗ ಅಧ್ಯಕ್ಷರಿಗೆ, ಕೋಡಿಯ ಒಂದು ಕಲ್ಲು ಅಲ್ಲಾಡಿದರೂ ನೀವೇ ಜವಾಬ್ದಾರರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಜೀಪಿನ ಧೂಳು ಅಡಗಿದ ಮೇಲೆ ವೀರಭದ್ರಯ್ಯನವರು ತೋಂಟದಾರ್ಯನ ಮುಂದೆ ಬಂದು ನಿಂತರು. ಪಂಚೆ ಇನ್ನೂ ತೊಟ್ಟಿಕ್ಕುತ್ತಿತ್ತು. ಊರೆಲ್ಲ ಸುತ್ತ ನಿಂತಿತ್ತು. “ಬೇಕಂತ್ಲೇ ಕರ್ಕೊಂಡೋದಾ, ಇಲ್ಲಾ ತಿರುಗ್ಸಕ್ ಬರ್ಲಿಲ್ವಾ? ಬರ್ಲಿಲ್ಲ ಅಂದ್ರೆ ಇಲ್ಲಿಗೇ ಬುಟ್ಬುಡ್ತೀನಿ. ಹೇಳು,” ಎಂದರು.

ತೋಂಟದಾರ್ಯ ಆ ಗಳಿಗೆಯಲ್ಲಿ ಅನುಭವಿಸಿದ ಸಂಕಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಿಜ ಹೇಳಿದರೆ ಸರ್ಕಾರಿ ಶಾಮಿಯಾನವೆಲ್ಲ ಅವನಿಗೇ ಉಳಿಯುತ್ತಿತ್ತು. ಬರಲಿಲ್ಲ ಎನ್ನುವ ಒಂದು ಮಾತು ಸಾಕಿತ್ತು. ಸೊಂಟದ ತೆಂಗಿನಕಾಯಿ ಒಂದಕ್ಕೊಂದು ತಾಗಿ ಸದ್ದು ಮಾಡಿದವು.

“ಬೇಕಂತ್ಲೇ,” ಎಂದ. “ಗಾಳಿ ನೋಡ್ಕೊಂಡೇ ಬುಟ್ಟಿದ್ದು.”

ಯಾರೋ ಶಿಳ್ಳೆ ಹೊಡೆದರು. ಅಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದ ಜನ ಅವನನ್ನು ಹೆಗಲ ಮೇಲೆ ಹೊತ್ತರು. ತೂಕ ಜಾಸ್ತಿಯಾಗಿ ಅರ್ಧ ದಾರಿಯಲ್ಲೇ ಇಳಿಸಿ ಕೈ ಹಿಡಿದು ನಡೆಸಿದರು. ಮುಂದೆ ಸರ್ವೆಯವರು ಬಂದು ಗಡಿಕಲ್ಲು ನೆಟ್ಟರು. ಕೋಡಿಗೆ ಯಾರೂ ಕೈ ಹಾಕಲಿಲ್ಲ. ತೋಂಟದಾರ್ಯನಿಗೆ ಪಂಚಾಯ್ತಿ ಶಾಮಿಯಾನ ತಪ್ಪಿಹೋಯಿತು. ಮನೆಗೆ ಬಂದ ದಿನ ಕೊಲ್ಲಾಪುರಮ್ಮ ಸೊಂಟದ ಗಂಟು ಬಿಚ್ಚುತ್ತಾ, ತಿರುಗಿಸಲು ಬರಲಿಲ್ಲ ತಾನೆ ಎಂದು ಮೆಲ್ಲಗೆ ಕೇಳಿದಳು. ಅವನು ಗೋಡೆ ನೋಡಿದ. “ಬುಡಿ, ಸುಳ್ಳೇಳಿಯಾದ್ರೂ ಒಳ್ಳೇರಾದ್ರಲ್ಲ,” ಎಂದು ಅವಳು ಬಿಸಿನೀರು ತೋಡಲು ಹೋದಳು.

ಸಂಕ್ರಾಂತಿಯ ಹೊತ್ತಿಗೆ ಅವನ ಹೆಸರು ತಾಲ್ಲೂಕು ದಾಟಿತ್ತು. ಒಂದು ಬೆಳಿಗ್ಗೆ ಚಿಕ್ಕನಾಯಕನಹಳ್ಳಿ ಕಡೆಯ ಒಂದು ಹಳ್ಳಿಯಿಂದ ನಾಲ್ಕಾರು ಹಿರಿಯರು ಬಂದು, ಜಗಲಿಯ ಮೇಲೆ ಕೂತು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. ತಮ್ಮೂರ ಕೆರೆಯೂ ತುಂಬಿದೆಯೆಂದೂ, ತಮ್ಮ ಕಡೆಯ ದೊಡ್ಡವರೊಬ್ಬರು ಕೆರೆಯೊಳಗೆ ತೋಟ ಮಾಡಿದ್ದಾರೆಂದೂ, ಹೇಳಲು ಯಾರಿಗೂ ಧೈರ್ಯವಿಲ್ಲವೆಂದೂ, ತೋಂಟದಾರ್ಯನವರು ದೋಣಿ ತಂದು ಒಬ್ಬ ಅಧಿಕಾರಿಯನ್ನು ಅಲ್ಲಿಗೆ ಮುಟ್ಟಿಸಿಕೊಟ್ಟರೆ ಉಪಕಾರವಾಗುತ್ತದೆಂದೂ ಬೇಡಿಕೊಂಡರು.

ತೋಂಟದಾರ್ಯ ಗಂಭೀರವಾಗಿ ಕೇಳಿಸಿಕೊಂಡ. ಎದ್ದು ಅಂಗಳಕ್ಕೆ ಹೋಗಿ, ಬೆರಳು ನೆಕ್ಕಿ ಗಾಳಿಗೆ ಹಿಡಿದ.

“ತೋಟ ಕೆರೆಯ ಯಾವ ದಿಕ್ಕಿಗದೆ?” ಎಂದ.

ಮೂಡಲಕ್ಕೆ ಎಂದರು ಅವರು.

ಅವನು ಬೆರಳನ್ನು ಪಂಚೆಗೆ ಒರೆಸಿಕೊಂಡು ಬಂದು ಕೂತ. “ಹಂಗಾದ್ರೆ ಈಗಾಗಲ್ಲ,” ಎಂದ. “ಆಷಾಢದಲ್ಲಿ ಬನ್ನಿ.”